ಬೀಗದ ಕೈ ಯಾರ ಕೈಲಿದೆ?

(ದೊಡ್ಡಬಳ್ಳಾಪುರದಲ್ಲಿ ನಡೆದ ಯುವ ಕಾರ್ಯಕರ್ತರ ಒಂದು ದಿನದ ಶಿಬಿರದಲ್ಲಿ ಸ್ಥಳೀಯ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳು)



ನಾನು ಭಾಷಣಕಾರನಲ್ಲ. ಪಿಯುಸಿಗೆ ಓದು ನಿಲ್ಲಿಸಿ ಪ್ರೆಸ್ಸಿನ ಮಸಿ ಕೈಗೆ ಹಚ್ಚಿಕೊಂಡವನು. ಬೆಳಿಗ್ಗೆಯಿಂದ ಈ ವೇದಿಕೆಯಲ್ಲಿ ಮಾತಾಡಿದವರು ಗೋಕಾಕ್ ಚಳವಳಿ, ಅಂಗಡಿಗಳ ನಾಮಫಲಕ, ಬ್ಯಾಂಕಿನ ಚಲನ್, ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳಲ್ಲಿ ನಮ್ಮ ಹುಡುಗರಿಗೆ ಕೆಲಸ ಅಂತ ಆನೆಯಂಥ ವಿಷಯಗಳನ್ನು ಎತ್ತಿದರು. ನನ್ನ ವಿಷಯ ಎರಡು ಇಂಚಿನದು. ಶಾಲೆಯ ಬೀರುವಿನ ಬೀಗದ ಕೈ.

ನೀವು ಬೆಂಗಳೂರಿನಿಂದ ಬಂದವರು. ಹಳದಿ ಕೆಂಪು ಶಾಲು ನಿಮ್ಮ ಹೆಗಲಿಗೆ ಚೆನ್ನಾಗಿ ಒಪ್ಪುತ್ತದೆ. ಆದರೆ ಕಳೆದ ಐದು ವರ್ಷದಲ್ಲಿ ಎಷ್ಟು ಜನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯ ಒಳಗೆ ಕಾಲಿಟ್ಟಿದ್ದೀರಿ? ಕೈ ಎತ್ತಿ ಅನ್ನುವುದಿಲ್ಲ, ಮುಜುಗರವಾದೀತು. ಹೋದರೆ ಹೆಡ್‌ಮಾಸ್ಟರ ಕೊಠಡಿಯನ್ನು ಒಮ್ಮೆ ನೋಡಿ. ಗೋಡೆಯ ಮೇಲೆ ಗಾಂಧಿ, ಅಂಬೇಡ್ಕರ್, ಸರಸ್ವತಿ. ಅವರ ಕೆಳಗೆ ಒಂದು ಕಬ್ಬಿಣದ ಬೀರು. ಬೀರುವಿನ ತಲೆಯ ಮೇಲೆ ಒಂದು ಗ್ಲೋಬು, ಧೂಳು ಹಿಡಿದ ಎರಡು ಕಪ್ಪು. ಒಳಗೆ ಪುಸ್ತಕ. ಬಾಗಿಲಿಗೆ ಬೀಗ. ಇದಕ್ಕೆ ನಾವು ಗ್ರಂಥಾಲಯ ಅಂತ ಹೆಸರಿಟ್ಟಿದ್ದೇವೆ.

ಎಲ್ಲ ಶಾಲೆಯೂ ಹೀಗೇ ಅಂತ ನಾನು ಹೇಳುತ್ತಿಲ್ಲ. ಬೀರು ತೆರೆದಿಟ್ಟ ಮೇಷ್ಟ್ರುಗಳನ್ನೂ ನೋಡಿದ್ದೇನೆ, ಅವರ ಮಾತು ಮುಂದೆ ಬರುತ್ತದೆ. ಆದರೆ ನನ್ನ ಹತ್ತಿರ ಒಂದು ಲೆಕ್ಕವಿದೆ. ಅದು ಯಾವ ಇಲಾಖೆಯ ವರದಿಯಲ್ಲೂ ಬಂದಿಲ್ಲ. ಸುತ್ತಮುತ್ತಲ ಶಾಲೆಗಳು ವಹಿಗಳಿಗೆ ನನ್ನ ಪ್ರೆಸ್ಸಿಗೆ ಬರುತ್ತವೆ. ಹಾಜರಿ ವಹಿ, ದಾಖಲಾತಿ ವಹಿ, ಬಿಸಿಯೂಟದ ವಹಿ, ದಾಸ್ತಾನು ವಹಿ, ಎಲ್ಲ ಮುಗಿಯುತ್ತವೆ, ಮತ್ತೆ ಬರುತ್ತಾರೆ. ಪುಸ್ತಕ ವಿತರಣಾ ವಹಿ ಅಂತ ಒಂದಿದೆ. ಯಾವ ಮಗು ಯಾವ ಪುಸ್ತಕ ಯಾವತ್ತು ತೆಗೆದುಕೊಂಡಿತು, ಯಾವತ್ತು ತಂದುಕೊಟ್ಟಿತು ಅಂತ ಬರೆಯುವ ವಹಿ. ಅದನ್ನು ಒಂದು ಸಲ ಒಯ್ದ ಶಾಲೆಗಳಲ್ಲಿ ಎರಡನೆಯದನ್ನು ಕೇಳಿಕೊಂಡು ಬಂದವರು ಒಂದು ಕೈಯ ಬೆರಳಿನಷ್ಟು. ಪುಸ್ತಕ ಎಷ್ಟಿದೆ ಅಂತ ಬರೆಯುವ ವಹಿ ತುಂಬುತ್ತದೆ, ಪುಸ್ತಕ ಯಾರು ಓದಿದರು ಅಂತ ಬರೆಯುವ ವಹಿ ತುಂಬುವುದಿಲ್ಲ. ನಾನು ಇದನ್ನು ನಷ್ಟದ ವ್ಯಾಪಾರ ಅಂತ ಮಾತ್ರ ನೋಡುತ್ತಿದ್ದೆ. ಇದು ಕನ್ನಡದ ನಷ್ಟ ಅಂತ ತಲೆಗೆ ಹೋಗಲು ನನಗೂ ವರ್ಷಗಳು ಹಿಡಿದವು.

ಒಬ್ಬರು ಮೇಷ್ಟ್ರನ್ನು ಕೇಳಿದೆ, "ಸಾರ್, ಯಾಕೆ ಬೀರು ತೆಗೆಯಲ್ಲ?" ಅವರು ನಕ್ಕರು. "ತೆಗೆದರೆ ಪುಸ್ತಕ ಹೋಗ್ತದೆ. ಪುಸ್ತಕ ಹೋದರೆ ನನ್ನ ಸಂಬಳದಲ್ಲಿ ಹೋಗ್ತದೆ. ತೆಗೀದೆ ಇದ್ರೆ ಏನೂ ಹೋಗಲ್ಲ ನೋಡಿ." ಆ ಮನುಷ್ಯ ಸೋಮಾರಿಯಲ್ಲ. ಮೊಟ್ಟೆ ಲೆಕ್ಕ, ಹಾಲಿನ ಪುಡಿ ಲೆಕ್ಕ, ಶೂ ಸಾಕ್ಸಿನ ಲೆಕ್ಕ, ಮತದಾರರ ಪಟ್ಟಿ, ಯಾವುದೋ ಗಣತಿ, ಇಷ್ಟೆಲ್ಲ ಹೊತ್ತವನು. ಅದರ ಜೊತೆಗೆ ಗ್ರಂಥಾಲಯದ ಚಾರ್ಜು. ಅದನ್ನು ಕೊಡುವುದೂ ಹೇಗೆ? ಹೊಸದಾಗಿ ಬಂದ ಟೀಚರಿಗೆ, ಇಲ್ಲವೇ ಇನ್ನೆರಡು ವರ್ಷದಲ್ಲಿ ನಿವೃತ್ತಿಯಾಗುವವರಿಗೆ. ಅಂದರೆ ಬೇಡ ಅನ್ನಲು ಬಾಯಿಲ್ಲದವರಿಗೆ. ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಗ್ರಂಥಪಾಲಕ ಅನ್ನುವ ಹುದ್ದೆಯೇ ಇಲ್ಲ. ಪಾಠ ಹೇಳುವವರಲ್ಲೇ ಒಬ್ಬರು ಪುಸ್ತಕದ ಮೇಷ್ಟ್ರು ಆಗಬೇಕು. ಆಸ್ಟ್ರೇಲಿಯದಂಥ ದೇಶದಲ್ಲಿ ಇದಕ್ಕೇ ಬೇರೆ ತರಬೇತಿ ಇದೆ, ಪಾಠವನ್ನೂ ಬಲ್ಲ ಗ್ರಂಥಾಲಯವನ್ನೂ ಬಲ್ಲ ಶಿಕ್ಷಕರಿಗೆ ಅಂತಲೇ ಹುದ್ದೆ ಇದೆ. ನಮ್ಮಲ್ಲಿ ಬೀಗದ ಕೈಯೊಂದೇ ತರಬೇತಿ.

ಅಷ್ಟು ದೂರ ಯಾಕೆ, ದೇವನಹಳ್ಳಿ ದಾರಿಯಲ್ಲಿ ಹೋಗಿ. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಆ ರಸ್ತೆಯ ಎರಡೂ ಬದಿಗೆ ದೊಡ್ಡ ದೊಡ್ಡ ಇಂಗ್ಲಿಷ್ ಶಾಲೆಗಳು ಎದ್ದಿವೆ. ಅಲ್ಲಿ ಗ್ರಂಥಾಲಯಕ್ಕೆ ಬೇರೆ ಕೋಣೆ, ನೆಲಕ್ಕೆ ಚಾಪೆ, ಸಂಬಳದ ಗ್ರಂಥಪಾಲಕಿ. ಮಗು ವಾರಕ್ಕೊಮ್ಮೆ ಹೋಗಿ ತನಗೆ ಬೇಕಾದ ಇಂಗ್ಲಿಷ್ ಪುಸ್ತಕ ಆರಿಸಿಕೊಳ್ಳುತ್ತದೆ. ಅದೇ ರಸ್ತೆಯಿಂದ ಎರಡು ಕಿಲೋಮೀಟರ್ ಒಳಗೆ ನಮ್ಮ ಕನ್ನಡ ಶಾಲೆಯ ಮಗು ಬೀರುವಿನ ಗಾಜಿನ ಒಳಗೆ ಪುಸ್ತಕದ ಬೆನ್ನು ನೋಡುತ್ತದೆ. ಅದೂ ಗಾಜಿದ್ದರೆ. ಇಂಗ್ಲಿಷ್ ಅಂದರೆ ಬಣ್ಣದ ಲೋಕ, ಕನ್ನಡ ಅಂದರೆ ಪ್ರಶ್ನೋತ್ತರ ಅಂತ ಮಗು ತೀರ್ಮಾನ ಮಾಡಿಬಿಟ್ಟರೆ ತಪ್ಪು ಮಗುವಿನದೇ?

ನನ್ನ ಕಥೆಯೂ ಅದೇ. 1987ರಲ್ಲಿ ಕೇಂದ್ರ ಸರ್ಕಾರ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಅಂತ ಯೋಜನೆ ತಂದಿತು. ಪ್ರತಿ ಪ್ರಾಥಮಿಕ ಶಾಲೆಗೂ ಕನಿಷ್ಠ ಎರಡು ಕೋಣೆ, ಇಬ್ಬರು ಶಿಕ್ಷಕರು, ಜೊತೆಗೆ ಭೂಪಟ, ಆಟದ ಸಾಮಾನು, ಪುಸ್ತಕ. ನಮ್ಮೂರ ಶಾಲೆಗೂ ಪೆಟ್ಟಿಗೆ ಬಂತು. ಇಳಿಸಲು ನಾವೇ ಹುಡುಗರು ಕೈ ಹಾಕಿದ್ದೆವು. ಇಳಿಸಿದ ಮೇಲೆ ಅದರ ಒಳಗೇನಿತ್ತು ಅಂತ ಏಳನೇ ಕ್ಲಾಸು ಮುಗಿಸಿ ಹೊರಗೆ ಬರುವವರೆಗೂ ನನಗೆ ಗೊತ್ತಾಗಲಿಲ್ಲ. ನಾನು ಪಾಠದ ಪುಸ್ತಕ ಬಿಟ್ಟು ಮೊದಲು ಓದಿದ ಕನ್ನಡ ಯಾವುದು ಗೊತ್ತೇ? ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವಾಗ ಓದಿದ ಪ್ರೂಫು. ಒಬ್ಬ ನಿವೃತ್ತ ಮೇಷ್ಟ್ರು ತಮ್ಮ ಕಾಸಿನಲ್ಲಿ ಅಚ್ಚು ಹಾಕಿಸಿದ ಊರಿನ ದೇವರ ಕಥೆ. ಅಕ್ಷರ ಉಲ್ಟಾ ಇದ್ದರೂ ನಿಲ್ಲಿಸಲಾಗದೆ ಓದಿದೆ. ಆಗ ನನಗೆ ಹದಿನೇಳು. ಹತ್ತು ವರ್ಷ ತಡ.

ಈ ಊರು ಓದಿಗೆ ಬರಡಾದ ಊರಲ್ಲ. ಡಿ.ಆರ್. ನಾಗರಾಜ್ ಈ ದೊಡ್ಡಬಳ್ಳಾಪುರದ ನೇಕಾರರ ಮನೆಯ ಮಗ. 1954ರಲ್ಲಿ ಹುಟ್ಟಿ 1998ರಲ್ಲಿ ಹೋದರು, ಅಷ್ಟು ಸಣ್ಣ ಆಯುಸ್ಸಿನಲ್ಲಿ ಕನ್ನಡ ವಿಮರ್ಶೆಯನ್ನು ಜಗತ್ತು ತಿರುಗಿ ನೋಡುವಂತೆ ಮಾಡಿದರು. ಮಗ್ಗದ ಸದ್ದಿನ ಬೀದಿಯಿಂದ ಅಂಥ ಓದುಗ ಎದ್ದು ಬಂದ. ಇನ್ನೊಬ್ಬ ಎದ್ದು ಬರುವುದಕ್ಕೆ ನಾವು ದಾರಿ ಬಿಟ್ಟಿದ್ದೇವೆಯೇ?

ಕಾನೂನು ಇಲ್ಲ, ದುಡ್ಡು ಇಲ್ಲ ಅನ್ನಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತೆಗೆದು ನೋಡಿ. ಪ್ರತಿ ಶಾಲೆಯಲ್ಲೂ ಗ್ರಂಥಾಲಯ, ಅದರಲ್ಲಿ ದಿನಪತ್ರಿಕೆ, ನಿಯತಕಾಲಿಕ, ಎಲ್ಲ ವಿಷಯದ ಪುಸ್ತಕ, ಕಥೆ ಪುಸ್ತಕ ಸಹ ಇರಬೇಕು ಅಂತ ಇದೆ. 2018ರಲ್ಲಿ ಸಮಗ್ರ ಶಿಕ್ಷಣ ಯೋಜನೆ ಬಂದಾಗ ಸರ್ಕಾರಿ ಶಾಲೆಯ ಗ್ರಂಥಾಲಯಕ್ಕೆ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಅನುದಾನ ಅಂತ ಗೊತ್ತುಮಾಡಿದರು. ಇನ್ನು ನಮ್ಮ ರಾಜ್ಯದ್ದೇ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ. ನೀವು ಕಟ್ಟುವ ಆಸ್ತಿ ತೆರಿಗೆಯ ರಸೀತಿ ನೋಡಿ, ನೂರಕ್ಕೆ 6ರಂತೆ ಗ್ರಂಥಾಲಯ ಕರ ಅಂತ ಇರುತ್ತದೆ. ನಿಮ್ಮ ಮನೆಯ ಮೇಲೂ ಇದೆ, ನಿಮ್ಮ ಸಾಫ್ಟ್‌ವೇರ್ ಕಂಪನಿಯ ಕಟ್ಟಡದ ಮೇಲೂ ಇದೆ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ತಮ್ಮ ಕೊನೆಯ ಹದಿನೈದು ವರ್ಷ ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಇಲ್ಲೇ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ಅವರು 1931ರಲ್ಲಿ ಬರೆದ ಐದು ಸೂತ್ರಗಳಲ್ಲಿ ಮೊದಲನೆಯದರ ತಿರುಳು ಏನು? ಪುಸ್ತಕ ಇರುವುದು ಬಳಸುವುದಕ್ಕೆ, ಕಾಯುವುದಕ್ಕಲ್ಲ ಅಂತ. ಹಿಂದಿನ ಕಾಲದಲ್ಲಿ ಯುರೋಪಿನಲ್ಲಿ ಪುಸ್ತಕಕ್ಕೆ ಸರಪಳಿ ಹಾಕಿ ಕಪಾಟಿಗೆ ಬಿಗಿಯುತ್ತಿದ್ದರಂತೆ. ಅವರು ಸರಪಳಿ ಬಿಚ್ಚಿದರು. ನಾವು ಬೀಗ ಹಾಕಿದೆವು.

ಈ ಜಿಲ್ಲೆಗೆ ಬೆಂಗಳೂರು ಉತ್ತರ ಅಂತ ಹೆಸರು ಬದಲಾಯಿಸುವುದಕ್ಕೆ 2025ರ ಜುಲೈನಲ್ಲಿ ನಂದಿ ಬೆಟ್ಟದ ಮೇಲೆ ಕೂತು ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಒಳ್ಳೆಯದು, ಬೋರ್ಡು ಬದಲಾದರೆ ನನ್ನಂಥವನಿಗೂ ನಾಲ್ಕು ಕಾಸು. ಬೀರುವಿನ ಬೀಗಕ್ಕೆ ಮಾತ್ರ ಯಾವ ಸಂಪುಟವೂ ಕೂಡಬೇಕಾಗಿಲ್ಲ.

ಈಗ ಆ ಟೀಚರ ವಿಷಯ. ದೇವನಹಳ್ಳಿ ತಾಲ್ಲೂಕಿನ ಒಂದು ಹಳ್ಳಿ ಶಾಲೆ. ಹೆಸರು ಹೇಳಬೇಡಿ ಅಣ್ಣಾ ಅಂದಿದ್ದಾರೆ, ಹೇಳುವುದಿಲ್ಲ. ಒಂದು ದಿನ ಪ್ರೆಸ್ಸಿಗೆ ಬಂದು ವಿತರಣಾ ವಹಿ ಬೇಕು ಅಂದರು. ಕೊಟ್ಟೆ. ನೋಡಿ ವಾಪಸ್ಸು ಇಟ್ಟರು. "ಇದು ಮೇಷ್ಟ್ರು ಬರೆಯೋ ವಹಿ. ನನಗೆ ಮಕ್ಕಳು ಬರೆಯೋ ವಹಿ ಬೇಕು" ಅಂದರು. ಗೆರೆ ಅಗಲ ಇರಬೇಕು, ಮನೆಗಳು ದೊಡ್ಡದಿರಬೇಕು, ಕೊನೆಗೆ ಒಂದು ಹೊಸ ಮನೆ ಇರಬೇಕು: "ಯಾರಿಗೆ ಓದಿ ಹೇಳಿದೆ?" ನಾನು ಡಿಟಿಪಿ ಮಾಡಿ ಕೊಟ್ಟೆ. ಇಂಥ ವಹಿ ನನ್ನ ಜೀವಮಾನದಲ್ಲಿ ಮೊದಲು.

ಆರು ತಿಂಗಳಿಗೆ ಬಂದು ಇನ್ನೊಂದು ಕೇಳಿದರು. ನಾನು ನಂಬಲಿಲ್ಲ, ಹಳೆಯದನ್ನು ತೋರಿಸಿ ಅಂದೆ. ತಂದು ತೋರಿಸಿದರು. ವಂಕಿ ವಂಕಿ ಅಕ್ಷರ. "ಯಾರಿಗೆ ಓದಿ ಹೇಳಿದೆ" ಅನ್ನುವ ಮನೆಯಲ್ಲಿ ಅಜ್ಜಿಗೆ, ಅಮ್ಮನಿಗೆ, ತಂಗಿಗೆ, ಪಕ್ಕದ ಮನೆ ಆಂಟಿಗೆ. ಒಬ್ಬ ಹುಡುಗ "ಮೇಕೆಗೆ" ಅಂತ ಬರೆದಿದ್ದ. ಅವನ ಮನೆಯಲ್ಲಿ ಸಂಜೆ ಯಾರೂ ಇರುವುದಿಲ್ಲವಂತೆ. ಕಲ್ಯಾಣ ಕರ್ನಾಟಕದ ಕಡೆಯಿಂದ ಬಂದ ಕಟ್ಟಡ ಕೂಲಿಗಳ ಮಗ.

ಆ ಟೀಚರು ಮಾಡಿದ್ದೇನು? ಬೀರು ತೆಗೆದು ಪುಸ್ತಕಗಳನ್ನು ವರಾಂಡದಲ್ಲಿ ಹಗ್ಗ ಕಟ್ಟಿ ನೇತುಹಾಕಿದರು, ಬಟ್ಟೆ ಒಣಗಿಸಿದ ಹಾಗೆ. ಮಗುವಿಗೆ ಕಾಣಬೇಕಾದ್ದು ಪುಸ್ತಕದ ಬೆನ್ನಲ್ಲ, ಮುಖ. ಐದನೇ ಕ್ಲಾಸಿನ ಇಬ್ಬರು ಹುಡುಗಿಯರನ್ನು ವಹಿಗೆ ಕೂರಿಸಿದರು. ದಿನಾ ಊಟದ ನಂತರ ಹತ್ತು ನಿಮಿಷ ತಾವೇ ಗಟ್ಟಿಯಾಗಿ ಒಂದು ಕಥೆ ಓದುತ್ತಿದ್ದರು, ಮುಖ್ಯವಾದ ಘಟ್ಟದಲ್ಲಿ ನಿಲ್ಲಿಸಿ ಗಂಟೆ ಹೊಡೆಸಿಬಿಡುತ್ತಿದ್ದರು. ಮುಂದೇನಾಯಿತು ಅಂತ ತಿಳಿಯಬೇಕಾದವನು ಪುಸ್ತಕ ಒಯ್ಯಬೇಕು. ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕರನ್ನು ಶಾಲೆಗೆ ಕರೆಸಿ ಮಕ್ಕಳನ್ನೆಲ್ಲ ಸದಸ್ಯರನ್ನಾಗಿ ಮಾಡಿಸಿದರು. ಈ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. 2020ರಲ್ಲಿ ಓದುವ ಬೆಳಕು ಅಂತ ಕಾರ್ಯಕ್ರಮ ಮಾಡಿ ಮಕ್ಕಳಿಗೆ ಸದಸ್ಯತ್ವ ಉಚಿತ ಮಾಡಿದರು, ಈಗ ಅರಿವು ಕೇಂದ್ರ ಅನ್ನುತ್ತಾರೆ. ಸರ್ಕಾರ ಮಾಡಿದ ಒಳ್ಳೆಯ ಕೆಲಸವನ್ನು ಒಳ್ಳೆಯದು ಅನ್ನಲು ನಮಗೇನೂ ಸಂಕೋಚ ಬೇಡ. ಆದರೆ ಶಾಲೆಯ ಮಗುವನ್ನು ಅಲ್ಲಿಯವರೆಗೆ ಕೈ ಹಿಡಿದು ಕರೆದುಕೊಂಡು ಹೋಗುವವರು ಬೇಕಲ್ಲ? ಅವರನ್ನೇ ನಾನು ಮುಂದಾಳು ಅನ್ನುವುದು. ಮೈಕ್ ಹಿಡಿದ ನನ್ನನ್ನಲ್ಲ.

ಆಮೇಲೆ? ವರ್ಷದ ಕೊನೆಗೆ ಲೆಕ್ಕ ಹಾಕಿದಾಗ ಮುನ್ನೂರು ಚಿಲ್ಲರೆ ಪುಸ್ತಕದಲ್ಲಿ ಒಂಬತ್ತು ಇಲ್ಲ. ತಪಾಸಣೆಗೆ ಬಂದವರು ಓದಿದ ಮಕ್ಕಳ ವಹಿ ನೋಡಲಿಲ್ಲ, ಒಂಬತ್ತು ನೋಡಿದರು. ಟೀಚರು ತಮ್ಮ ಕೈಯಿಂದ ಪುಸ್ತಕ ಕೊಂಡು ತುಂಬಿದರು. ಮಾರನೇ ವರ್ಷ ವರ್ಗವಾಯಿತು. ಅದು ಮಾಮೂಲಿ ವರ್ಗ, ಶಿಕ್ಷೆಯಲ್ಲ. ಅವರ ಜಾಗಕ್ಕೆ ಬಂದವರಿಗೆ ಚಾರ್ಜು ಕೊಡುವಾಗ ಪುಸ್ತಕ ಎಣಿಸಿ ಕೊಟ್ಟರು, ಹಗ್ಗವನ್ನೂ ಆ ಹತ್ತು ನಿಮಿಷವನ್ನೂ ಬರೆದು ಕೊಡಲು ಯಾವ ನಮೂನೆಯೂ ಇರಲಿಲ್ಲ. ನಾನು ಕಳೆದ ವರ್ಷ ಒಂದು ಕೆಲಸಕ್ಕೆ ಆ ಶಾಲೆಗೆ ಹೋಗಿದ್ದೆ. ಬೀರುವಿಗೆ ಬೀಗ ಇತ್ತು. ಹೊಸಬರನ್ನೂ ಬಯ್ಯುವುದಕ್ಕೆ ನನಗೆ ಬಾಯಿ ಬರಲಿಲ್ಲ. ಒಂಬತ್ತು ಪುಸ್ತಕದ ಕಥೆ ಅವರಿಗೂ ಯಾರೋ ಹೇಳಿದ್ದರು.

ಈಗ ಒಂದು ವಿಷಯ ಗಮನವಿಟ್ಟು ಕೇಳಿ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಅವರ ಗ್ರಂಥಾಲಯಗಳಿಗೆ ಒಂದು ಮಾತಿದೆ. ಅಪ್ರಾಮಾಣಿಕತೆ, ನಿರ್ಲಕ್ಷ್ಯ ಇಲ್ಲದಿದ್ದರೆ, ವರ್ಷದಲ್ಲಿ ಓದಲು ಕೊಟ್ಟ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದರೆ ಅದು ಸಹಜ ನಷ್ಟ. ಇಟ್ಟುಕೊಂಡ ಸಾವಿರಕ್ಕಲ್ಲ, ಕೊಟ್ಟ ಸಾವಿರಕ್ಕೆ! ಹೆಚ್ಚು ಕೊಟ್ಟವನಿಗೆ ಹೆಚ್ಚು ರಿಯಾಯಿತಿ, ಬೀಗ ಹಾಕಿದವನಿಗೆ ಸೊನ್ನೆ. ಎಂಥ ಒಳ್ಳೆಯ ನ್ಯಾಯ ನೋಡಿ. ಆ ಟೀಚರ ವಹಿಗಳನ್ನು ನಾನು ಕೂತು ಎಣಿಸಿದೆ. ಒಂದು ವರ್ಷದಲ್ಲಿ ಮಕ್ಕಳು ಪುಸ್ತಕ ಒಯ್ದದ್ದು ಎರಡು ಸಾವಿರದ ನೂರು ಸಲ. ಡೆಲ್ಲಿಯ ಲೆಕ್ಕದಲ್ಲಿ ಹತ್ತು ಪುಸ್ತಕ ಕಳೆಯಬಹುದಿತ್ತು. ಕಳೆದದ್ದು ಒಂಬತ್ತು. ಡೆಲ್ಲಿಯ ದೊಡ್ಡ ಕಚೇರಿಗೆ ಸಲ್ಲುವ ನ್ಯಾಯ ನಮ್ಮ ಹಳ್ಳಿಯ ಟೀಚರಿಗೂ ಸಲ್ಲಬೇಕು. ಎಲ್ಲದಕ್ಕೂ ಡೆಲ್ಲಿಯನ್ನು ಬಯ್ಯುವ ನಾವು ಇದೊಂದನ್ನು ಅಲ್ಲಿಂದ ಎತ್ತಿಕೊಂಡು ಬರೋಣ. ಪ್ರತಿ ಸರ್ಕಾರಿ ಶಾಲೆಯ ಗೋಡೆಗೆ ಅಂಟಿಸುವ ಹಾಗೆ, ಸರಳ ಕನ್ನಡದಲ್ಲಿ, ಒಂದೇ ಹಾಳೆಯಲ್ಲಿ ಬರಲಿ: ಮಕ್ಕಳಿಗೆ ಕೊಟ್ಟು ಕಳೆದ ಪುಸ್ತಕಕ್ಕೆ ಮೇಷ್ಟ್ರ ಸಂಬಳ ಮುಟ್ಟುವುದಿಲ್ಲ ಅಂತ.

ನೀವು ಕೇಳಬಹುದು, ಇದು ಶಿಕ್ಷಣ ಇಲಾಖೆಯ ಕೆಲಸ, ಕನ್ನಡ ಸಂಘಟನೆಗೆ ಇದರಲ್ಲೇನು ಅಂತ. 2014ರ ಮೇ 6ರಂದು ಸುಪ್ರೀಂ ಕೋರ್ಟು ಏನು ಹೇಳಿತು ಅನ್ನುವುದು ನಿಮಗೆಲ್ಲ ಗೊತ್ತು. ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ, ಆಯ್ಕೆ ತಂದೆ ತಾಯಿಯದು ಅಂತ. 2019ರಲ್ಲಿ ನಮ್ಮ ಸರ್ಕಾರವೇ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಿತು. ಹೋರಾಟ ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ. ಆದರೆ ಹೇರಲಾಗದಿದ್ದಾಗ ಉಳಿಯುವುದು ಒಂದೇ, ಮಗುವಿಗೇ ಕನ್ನಡ ಬೇಕೆನಿಸಬೇಕು. ನಮ್ಮ ನಾಲ್ಕು ತಾಲ್ಲೂಕಿನ ಶಾಲೆಗಳಲ್ಲಿ ಮನೆಯಲ್ಲಿ ತೆಲುಗು ಆಡುವ ಮಗು ಇದೆ, ಉರ್ದು, ತಮಿಳು ಆಡುವ ಮಗು ಇದೆ. ನೆಲಮಂಗಲ, ಹೊಸಕೋಟೆಯ ಕಾರ್ಖಾನೆಗೆ ಬಂದ ಬಿಹಾರ, ಒಡಿಶಾದವರ ಮಗುವೂ ಇದೆ. ಅಪ್ಪನಿಗೆ ಕನ್ನಡ ಬರಲ್ಲ ಅಂತ ನಾವು ರಸ್ತೆಯಲ್ಲಿ ಜಗಳಕ್ಕೆ ನಿಲ್ಲುತ್ತೇವೆ. ಮಗ ಕಿಂದರಿಜೋಗಿಯ ಇಲಿಗಳನ್ನು ಎಣಿಸುತ್ತ ಕೂತರೆ ಆ ಮನೆ ಎರಡು ವರ್ಷದಲ್ಲಿ ಕನ್ನಡದ ಮನೆ. ಯಾರು ಮಾಡಿದರು ಈ ಕೆಲಸ? ಬೀರು ತೆಗೆದ ಟೀಚರು.

ಪಕ್ಕದ ಕೇರಳದಲ್ಲಿ ಪಿ.ಎನ್. ಪಣಿಕ್ಕರ್ ಅಂತ ಒಬ್ಬ ಶಾಲಾ ಮೇಷ್ಟ್ರು. 1945ರಲ್ಲಿ 47 ಊರ ಗ್ರಂಥಾಲಯಗಳನ್ನು ಸೇರಿಸಿ ಒಂದು ಸಂಘ ಕಟ್ಟಿದರು. ಅದೇ ಬೆಳೆದು ಕೇರಳದ ಗ್ರಂಥಾಲಯ ಚಳವಳಿಯಾಯಿತು. ಅವರು ತೀರಿಕೊಂಡ ಜೂನ್ 19ನ್ನು ಅಲ್ಲಿನ ಶಾಲೆಗಳು ಓದಿನ ದಿನವಾಗಿ ಆಚರಿಸುತ್ತವೆ. ಮಲಯಾಳಿಗಳಿಗೆ ಭಾಷಾಭಿಮಾನ ಜಾಸ್ತಿ ಅಂತ ಹೊಟ್ಟೆಕಿಚ್ಚು ಪಡುವ ನಾವು ಅದು ಎಲ್ಲಿಂದ ಬಂತು ಅಂತ ನೋಡುವುದಿಲ್ಲ. ನಮ್ಮಲ್ಲೇ ಗಳಗನಾಥರಿರಲಿಲ್ಲವೇ? ಅವರೂ ಮೇಷ್ಟ್ರೇ. ಕಾದಂಬರಿ ಬರೆದು, ಪುಸ್ತಕದ ಗಂಟು ತಾವೇ ಹೊತ್ತು ಊರೂರು ತಿರುಗಿ ಮಾರಿದವರು.

ಒಂದು ತಪ್ಪೊಪ್ಪಿಗೆಯನ್ನೂ ಹೇಳಿಬಿಡುತ್ತೇನೆ. ಬೀರುವಿನಲ್ಲಿರುವ ಪುಸ್ತಕಗಳೆಲ್ಲ ಓದುವಂಥವಲ್ಲ. ಸಗಟು ಖರೀದಿಗೆ ಅಂತಲೇ ಅಚ್ಚಾಗುವ ಪುಸ್ತಕಗಳಿವೆ. ಸಣ್ಣ ಅಕ್ಷರ, ಹಳದಿ ಕಾಗದ, ಪುಟಕ್ಕೆ ಮೂರು ನೀತಿ. ಅಂಥದ್ದೊಂದನ್ನು ನಾನೂ ಅಚ್ಚು ಹಾಕಿ ಬಿಲ್ಲು ತೆಗೆದುಕೊಂಡಿದ್ದೇನೆ. ಎರಡನೇ ಕ್ಲಾಸಿನ ಮಗುವಿಗೆ ಹತ್ತು ಪಾಯಿಂಟಿನ ಅಕ್ಷರ ಕೊಡಬಾರದು ಅಂತ ನನಗೆ ಗೊತ್ತಿತ್ತು, ಹದಿನಾರಕ್ಕೆ ಹೋದರೆ ಪುಟ ಹೆಚ್ಚುತ್ತದೆ ಅಂತ ಪ್ರಕಾಶಕರು ಒಪ್ಪಲಿಲ್ಲ, ನಾನೂ ಸುಮ್ಮನಾದೆ. ಆದ್ದರಿಂದ ಪುಸ್ತಕ ಆರಿಸುವ ಅಧಿಕಾರ ಬೇಕಾದ್ದು ಮಗುವಿನ ಮುಖ ದಿನಾ ನೋಡುವ ಪುಸ್ತಕದ ಮೇಷ್ಟ್ರಿಗೆ. ಕಾರಂತರು, ಪಂಜೆಯವರು, ರಾಜರತ್ನಂ ಬರೆದದ್ದಿದೆ. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರು ಬಾಲ ಪುಸ್ತಕಾಲಯದ ಬಣ್ಣದ ಪುಸ್ತಕಗಳಿವೆ. ಬೆಂಗಳೂರಿನಲ್ಲೇ 2004ರಲ್ಲಿ ಶುರುವಾದ ಪ್ರಥಮ್ ಬುಕ್ಸ್‌ನವರದು ಕಡಿಮೆ ಬೆಲೆಗೆ ಸಿಗುತ್ತದೆ. ಅನುದಾನದ ದುಡ್ಡು ಬಂದಾಗ ಪಟ್ಟಿ ಮೇಲಿನಿಂದ ಬರುವ ಬದಲು ಶಾಲೆಯಿಂದ ಹೋಗಲಿ.

ನಿಮಗೆ ನಾನು ಹೇಳುವ ಕೆಲಸ ಇಷ್ಟೇ. ನಿಮ್ಮ ಸಂಘದ ನಾಲ್ಕು ಹುಡುಗರು ಒಂದು ಶಾಲೆ ಹಿಡಿಯಿರಿ. ಶನಿವಾರ ಬೆಳಿಗ್ಗೆ ಹೋಗಿ. ಘೋಷಣೆ ಬೇಡ, ಶಾಲು ಬೇಡ, ಫೋಟೊ ಬೇಡ. ದಬಾಯಿಸಿದರೆ ಇನ್ನೊಂದು ಬೀಗ ಬೀಳುತ್ತದೆ, ನೆನಪಿರಲಿ. ಗ್ರಂಥಾಲಯದ ಚಾರ್ಜು ಯಾರದು ಅಂತ ಕೇಳಿ, ಅವರಿಗೆ ನಮಸ್ಕಾರ ಮಾಡಿ, "ಮೇಡಂ, ಕಳೆದುಹೋದ ಪುಸ್ತಕ ನಾವು ತಂದುಕೊಡ್ತೀವಿ, ನೀವು ಬೀರು ತೆಗೀರಿ" ಅನ್ನಿ. ಬರೆದೇ ಕೊಡಿ. ಹೆಡ್‌ಮಾಸ್ಟರಿಗೂ ಎಸ್‌ಡಿಎಂಸಿಗೂ ಒಂದೊಂದು ಪ್ರತಿ ಕೊಡಿ. ಒಂಬತ್ತು ಪುಸ್ತಕ ಅಂದರೆ ಐದುನೂರು ರೂಪಾಯಿ ಆಗಬಹುದು. ನವೆಂಬರಿನಲ್ಲಿ ನೀವು ನನ್ನ ಪ್ರೆಸ್ಸಿಗೆ ಕೊಡುವ ಬಿಲ್ಲು ನನಗೆ ಗೊತ್ತಿದೆ, ಅದರ ಮುಂದೆ ಇದು ಕಾಫಿ ತಿಂಡಿಯ ಖರ್ಚು.

ಆ ಟೀಚರು ಮಾಡಿಸಿದ ವಹಿಯ ಫೈಲು ನನ್ನ ಕಂಪ್ಯೂಟರಿನಲ್ಲಿ ಹಾಗೇ ಇದೆ. "ಯಾರಿಗೆ ಓದಿ ಹೇಳಿದೆ" ಮನೆಯೂ ಇದೆ. ಯಾವ ಶಾಲೆಯವರು ಬೀರು ತೆಗೆಯುತ್ತೇವೆ ಅಂತಾರೋ ಅವರ ಹೆಸರು ಹೇಳಿಕೊಂಡು ಬನ್ನಿ. ಮೊದಲನೇ ವಹಿಯ ಕಾಗದ, ಅಚ್ಚು, ಬೈಂಡಿಂಗ್ ನನ್ನದು. ಎರಡನೆಯದಕ್ಕೆ ದುಡ್ಡು ತೆಗೆದುಕೊಳ್ಳುತ್ತೇನೆ, ಸಂತೋಷದಿಂದ ತೆಗೆದುಕೊಳ್ಳುತ್ತೇನೆ.